ಲಾಲ್‌ಬೀ ಹಂಚಿದ ಗುಳಿಗೆ

ಬಳಗಾನೂರಿನಲ್ಲಿ ಭತ್ತದ ನಾಟಿಗೆ ಆಳು ಬೇಕೆಂದರೆ ಜನ ಮೊದಲು ಹುಡುಕುವುದು ಲಾಲ್‌ಬೀಯನ್ನು. ತನ್ನನ್ನೂ ಸೇರಿಸಿ ಹನ್ನೆರಡು ಹೆಂಗಸರ ಗುಂಪು ಆಕೆಯದು. ಕಾಲುವೆಗೆ ನೀರು ಬಿಟ್ಟ ದಿನದಿಂದ ಆಕೆಯ ಫೋನಿಗೆ ಬಿಡುವಿಲ್ಲ. ದಢೇಸುಗೂರಿನವರೆಗೂ ಹೋಗಿ ಗುತ್ತಿಗೆ ಹಿಡಿಯುತ್ತಾಳೆ, ಹೇಳಿದ ದಿನಕ್ಕೆ ಗದ್ದೆ ತುಂಬಿಸಿ ಕೊಡುತ್ತಾಳೆ. ಗಂಡ ಇಸ್ಮಾಯಿಲ್‌ಸಾಬ್ ತೀರಿಕೊಂಡ ಮೇಲೆ ಮಗಳ ಮದುವೆ ಮಾಡಿದ್ದು, ಮನೆಗೆ ಸ್ಲ್ಯಾಬ್ ಹಾಕಿಸಿದ್ದು ಎಲ್ಲ ಹೀಗೆ ಸೊಂಟ ಬಗ್ಗಿಸಿಯೇ.

ನಾನು ಅತೀಯಾ, ಇದೇ ಊರಿನ ಆಶಾ ಕಾರ್ಯಕರ್ತೆ. ಲಾಲ್‌ಬೀಯ ಓಣಿಯವಳು. ಆಕೆಯ ಬಗ್ಗೆ ಬರೆಯಲು ಕೂತರೆ ಮೊದಲು ಬರುವುದು ಸಿಟ್ಟು. ಆಕೆಯ ಮೇಲೆ ಸ್ವಲ್ಪ, ನನ್ನ ಮೇಲೆ ಸ್ವಲ್ಪ, ಉಳಿದದ್ದೆಲ್ಲ ಮೆಡಿಕಲ್ ಅಂಗಡಿಯ ಹನುಮಂತರಾಯನ ಮೇಲೆ.

ನಾಟಿ ಮಾಡಿದವರಿಗೇ ಗೊತ್ತು ಅದೆಂಥ ಕೆಲಸವೆಂದು. ಬೆಳಗಿನಿಂದ ಸಂಜೆಯವರೆಗೆ ಕೆಸರಿನಲ್ಲಿ ಬಗ್ಗಿಕೊಂಡೇ ಹಿಂದೆ ಹಿಂದೆ ಸರಿಯಬೇಕು. ಮರುದಿನ ಹಾಸಿಗೆಯಿಂದ ಏಳುವಾಗ ಸೊಂಟ ತನ್ನದಲ್ಲವೇನೋ ಅನ್ನಿಸುತ್ತದೆ. ಅದಕ್ಕೇ ಲಾಲ್‌ಬೀಯ ಗುಂಪಿನಲ್ಲಿ ಒಂದು ರೂಢಿ ಇತ್ತು. ಗದ್ದೆಗೆ ಇಳಿಯುವ ಮೊದಲು ಎಲ್ಲರೂ ಬದುವಿನ ಮೇಲೆ ಕೂರುವರು. ಲಾಲ್‌ಬೀ ಪ್ರತಿಯೊಬ್ಬಳಿಗೂ ಚಹಾ, ಎರಡು ಬಿಸ್ಕಿಟ್, ಜೊತೆಗೆ ಕಾಗದದ ಒಂದು ಪೊಟ್ಟಣ ಕೊಡುವಳು. ಪೊಟ್ಟಣದಲ್ಲಿ ಮೂರು ಗುಳಿಗೆ: ಒಂದು ಬಿಳಿ, ಒಂದು ಹಳದಿ, ಇನ್ನೊಂದು ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದು. ಆ ಚಿಕ್ಕದರಲ್ಲೇ ಕರಾಮತ್ತು ಇರುವುದು ಅಂತ ಎಲ್ಲರಿಗೂ ಗೊತ್ತಿತ್ತು. ಅದರ ಹೆಸರು ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ 'ಸಣ್ಣ ಗುಳಿಗಿ' ಅನ್ನುವರು. ಮೊದಮೊದಲು ನಾಟಿಯ ದಿನಗಳಲ್ಲಿ ಮಾತ್ರ ಇದ್ದದ್ದು ಬರಬರುತ್ತ ವರ್ಷವಿಡೀ ಆಯಿತು. ಬಿಟ್ಟರೆ ಮೈಯೇ ಏಳುತ್ತಿರಲಿಲ್ಲ, ಹಾಗಾಗಿ ಕೆಲಸವಿಲ್ಲದ ತಿಂಗಳಲ್ಲೂ ಹೆಂಗಸರು ಲಾಲ್‌ಬೀಯ ಮನೆಗೆ ಬಂದು ಪೊಟ್ಟಣ ಒಯ್ಯುತ್ತಿದ್ದರು.

ಕಟ್ಟಿ ಕೊಡುತ್ತಿದ್ದವನು ಹನುಮಂತರಾಯ. ಗಲ್ಲಾದ ಹಿಂದೆ ತಿರುಗಿ ನಿಂತು, ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಒಂದೊಂದಾಗಿ ಒತ್ತಿ ತೆಗೆದು, ಹಳೆ ಪೇಪರಿನ ಚೂರುಗಳಲ್ಲಿ ಮಡಚುವನು. ಹೆಸರು ಬರೆದಿರುವ ಆ ಸ್ಟ್ರಿಪ್ಪು ಮಾತ್ರ ಎಂದೂ ಯಾರ ಕೈಗೂ ಸಿಗಲಿಲ್ಲ. ಲಾಲ್‌ಬೀಗೆ ಅದರಲ್ಲಿ ಅನುಮಾನ ಬರಲಿಲ್ಲ, ಬರುವುದಾದರೂ ಹೇಗೆ? ಇಸ್ಮಾಯಿಲ್‌ಸಾಬ್ ಎದೆನೋವು ಅಂದಾಗ ತನ್ನ ಗಾಡಿಯಲ್ಲಿ ಸಿಂಧನೂರಿಗೆ ಒಯ್ದವನು ಅವನೇ. ಬಾಯಿ ತುಂಬ ಅಕ್ಕಾ ಅನ್ನುವನು. ಪ್ರತಿ ರಮಜಾನ್ ಹಬ್ಬಕ್ಕೆ ಮನೆಗೆ ಬಂದು ಶ್ಯಾವಿಗೆಯ ಸುರಕುಂಬಾ ಉಂಡು ಹೋಗುವನು.

ಒಂದು ಸಲ ನಾನು ಬದುವಿಗೇ ಹೋಗಿ, ಇಲಾಖೆ ಕೊಟ್ಟ ಕರಪತ್ರ ಓದಿ ಹೇಳಿದೆ. ಡಾಕ್ಟರ್ ಚೀಟಿ ಇಲ್ಲದೆ ಗುಳಿಗೆ ನುಂಗಬಾರದು, ಹೆಸರು ನೋಡಬೇಕು, ತಾರೀಖು ನೋಡಬೇಕು ಅಂತ. ಲಾಲ್‌ಬೀ ನಕ್ಕಳು.

"ನಿನ್ನ ಕಾಗದ ಓದಿದ್ರ ಸೊಂಟ ನೋವು ಹೋಗ್ತದೇನಬೇ ಅತೀಯಾ? ಹನುಮಂತರಾಯ ನನ್ನ ತಮ್ಮ ಇದ್ದಂಗ. ಅವ ನನಗ ಕೆಟ್ಟದ್ದು ಕೊಡ್ತಾನೇನು?"

ಎಲ್ಲರೂ ನಕ್ಕರು. ನನಗೆ ಮುಖ ಇಲ್ಲದಂತಾಗಿ ಕರಪತ್ರ ಮಡಚಿಕೊಂಡು ಬಂದೆ. ಮತ್ತೆ ಆ ಮಾತು ಎತ್ತಲಿಲ್ಲ. ಎರಡು ವರ್ಷದ ಹಿಂದೆ ಆಕೆಯ ಮುಖ ದುಂಡಗಾಗಿ ಕೆನ್ನೆ ಉಬ್ಬಿದಾಗ, "ಆಪಾ, ಮೈ ಹತ್ಯಾದ ನೋಡು, ಚಲೋ ಕಾಣಾಕತ್ತಿ" ಅಂದವಳೂ ನಾನೇ. ತರಬೇತಿ ಪಡೆದ ನನ್ನ ಕಣ್ಣಿಗೆ ಏನು ಬಡಿದಿತ್ತೋ.

ಈ ಜನವರಿ, ಎರಡನೇ ಬೆಳೆಯ ನಾಟಿ ಭರದಲ್ಲಿತ್ತು. ಹನುಮಂತರಾಯ ಅಂಗಡಿ ಮುಚ್ಚಿ, ಸಂಬಂಧಿಕರ ಮದುವೆಗೆ ಲಿಂಗಸುಗೂರಿಗೆ ಹೋದ. ಪೊಟ್ಟಣ ಮುಗಿದವು. ಎರಡನೇ ದಿನಕ್ಕೇ ಹೆಂಗಸರು ಕೈಕಾಲು ಬಿದ್ದುಹೋಗಿವೆ ಅನ್ನತೊಡಗಿದರು. ಯಮನಮ್ಮನಿಗೆ ವಾಂತಿ ಹಿಡಿಯಿತು. ಯಮನಮ್ಮ ಲಾಲ್‌ಬೀಯ ಜೀವದ ಗೆಳತಿ, ಗುಂಪು ಕಟ್ಟಿದ ದಿನದಿಂದ ಜೊತೆಗಿದ್ದವಳು, ಸಣ್ಣ ಗುಳಿಗೆಯನ್ನು ದಿನಕ್ಕೆ ಎರಡೆರಡು ನುಂಗುತ್ತಿದ್ದವಳು. ನಾಲ್ಕನೇ ದಿನ ಸಸಿಯ ಕಟ್ಟು ಕೈಯಲ್ಲಿ ಹಿಡಿದಂತೆಯೇ ಕೆಸರಿನಲ್ಲಿ ಮುಖ ಅಡಿಯಾಗಿ ಬಿದ್ದಳು.

ಟಂಟಂ ಆಟೋದಲ್ಲಿ ಹಾಕಿಕೊಂಡು ಸಿಂಧನೂರಿನ ದವಾಖಾನೆಗೆ ಒಯ್ದೆವು. ಡಾಕ್ಟರ್ ಬಿ.ಪಿ. ನೋಡಿ ಗಾಬರಿಯಾದರು. ನಾಡಿ ಸಿಗುವುದೇ ಕಷ್ಟವಾಗಿತ್ತು.

"ಈಕಿ ಯಾವ ಗುಳಿಗಿ ತಗೋತಿದ್ಲು?"

"ಸಣ್ಣ ಗುಳಿಗಿರಿ," ಅಂದಳು ಲಾಲ್‌ಬೀ.

"ಹೆಸರೇನ್ರಿ ಅದರದು? ಹೆಸರು ಗೊತ್ತಾದ್ರ ಈಗಿಂದೀಗ ಸೂಜಿ ಮಾಡಬಹುದು."

ಲಾಲ್‌ಬೀ ಹನುಮಂತರಾಯನಿಗೆ ಫೋನ್ ಹಚ್ಚಿ ಡಾಕ್ಟರ ಕೈಗೆ ಕೊಟ್ಟಳು. ಅವರು ಸ್ಪೀಕರಿಗೆ ಹಾಕಿದರು. ಆ ಕಡೆ ಮದುವೆಯ ಬ್ಯಾಂಡು ಕೇಳುತ್ತಿತ್ತು. ಡಾಕ್ಟರು ಎಲ್ಲ ವಿವರಿಸಿ, ಲಾಲ್‌ಬೀಗೆ ಏನು ಕೊಡುತ್ತಿದ್ದೀರಿ ಹೇಳಿ, ಒಂದು ಜೀವದ ಪ್ರಶ್ನೆ ಅಂದರು.

"ಯಾವ ಲಾಲ್‌ಬೀರಿ ಸರ್?" ಅಂದ ಹನುಮಂತರಾಯ. "ನಮ್ಮಲ್ಲಿ ಭಾಳ ಮಂದಿ ಬರ್ತಾರ. ಚೀಟಿ ಇಲ್ಲದ ನಾವು ಏನೂ ಕೊಡಂಗಿಲ್ರಿ. ಆಕಿ ಎಲ್ಲಿಂದರ ತಂದು ಹಂಚಿರಬೇಕು."

ಫೋನ್ ಕಟ್ಟಾಯಿತು. ಲಾಲ್‌ಬೀಗೆ ಅಳುವೂ ಬರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ಡಾಕ್ಟರು ಲಾಲ್‌ಬೀಯನ್ನು ಕಿಟಕಿಯ ಹತ್ತಿರ ಕರೆದರು. ದುಂಡಗೆ ಉಬ್ಬಿದ ಮುಖ ನೋಡಿದರು. ಮುಂಗೈಯಲ್ಲಿ ಪೆಟ್ಟು ಬೀಳದೆಯೂ ಎದ್ದಿದ್ದ ನೇರಳೆ ಕಲೆಗಳನ್ನು ನೋಡಿದರು.

"ನೀವೂ ಅದನ್ನ ನುಂಗ್ತೀರೇನು?"

"ಎಂಟು ವರ್ಷಾತ್ರಿ."

"ಸಾಕು. ಅವ ಹೇಳದಿದ್ರೂ ನಿಮ್ಮ ಮುಖ ಹೇಳ್ತದ. ಅದು ಸ್ಟೆರಾಯ್ಡ್."

ಕೂಡಲೇ ಸಲೈನಿಗೆ ಅದೇ ಔಷಧದ ಸೂಜಿ ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ಯಮನಮ್ಮ ಕಣ್ಣು ತೆರೆದು ನೀರು ಕೇಳಿದಳು. ಆಮೇಲೆ ಡಾಕ್ಟರು ನಮಗೆ ಬಿಡಿಸಿ ಹೇಳಿದರು. ಆ ಗುಳಿಗೆ ನೋವನ್ನು ಮುಚ್ಚುತ್ತದೆ ಅಷ್ಟೇ, ಒಳಗೆ ಎಲುಬು ಸವೆಸುತ್ತದೆ, ಸಕ್ಕರೆ ಏರಿಸುತ್ತದೆ. ವರ್ಷಗಟ್ಟಲೆ ನುಂಗಿದರೆ ದೇಹ ತಾನು ಮಾಡಬೇಕಾದ ಕೆಲಸ ಮರೆಯುತ್ತದೆ, ಗುಳಿಗೆ ನಿಂತೊಡನೆ ಯಮನಮ್ಮ ಬಿದ್ದದ್ದು ಅದಕ್ಕೇ. ಹಾಗಾಗಿ ಗೊತ್ತಾಯಿತು ಅಂತ ಥಟ್ಟನೆ ಬಿಟ್ಟರೂ ಜೀವಕ್ಕೆ ಅಪಾಯ, ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಉಳಿದ ಹೆಂಗಸರನ್ನೆಲ್ಲ ನಾಳೆಯೇ ಕರೆತನ್ನಿ, ಅಷ್ಟರೊಳಗೆ ಯಾರಿಗಾದರೂ ವಾಂತಿಯಾದರೆ ನಾಳೆಗೂ ಕಾಯಬೇಡಿ ಅಂದರು.

ಯಮನಮ್ಮನ ಹತ್ತಿರ ಆಕೆಯ ಸೊಸೆಯನ್ನು ಬಿಟ್ಟು ನಾವು ಊರಿಗೆ ಹೊರಟೆವು. ದಾರಿಯುದ್ದಕ್ಕೂ ಲಾಲ್‌ಬೀ ಒಂದೇ ಮಾತು ಆಡುತ್ತಿದ್ದಳು.

"ಯಾವ ಲಾಲ್‌ಬೀ ಅಂದ ನೋಡು, ಅತೀಯಾ. ಯಾವ ಲಾಲ್‌ಬೀ ಅಂದ."

ಊರು ಮುಟ್ಟಿದಾಗ ಇನ್ನೂ ಹೊತ್ತು ಮುಳುಗಿರಲಿಲ್ಲ. ಮೆಡಿಕಲ್ ಅಂಗಡಿಯ ಶಟರ್ ಅರ್ಧ ಎತ್ತಿತ್ತು. ಫೋನ್ ಬಂದದ್ದೇ ತಡ, ಮದುವೆ ಬಿಟ್ಟು ಓಡಿ ಬಂದಿದ್ದ ಪುಣ್ಯಾತ್ಮ. ಗುಳಿಗೆಯ ಡಬ್ಬಿಗಳನ್ನು ಚೀಲಕ್ಕೆ ತುಂಬುತ್ತಿದ್ದ. ಆತನ ಹೆಂಡತಿ ಅಮರೇಶ್ವರಿ ಮದುವೆಯ ಸೀರೆಯಲ್ಲೇ, ಮಂಡಿಗೆ ಪಟ್ಟಿ ಸುತ್ತಿಕೊಂಡು ಕುರ್ಚಿಯ ಮೇಲೆ ಕೂತಿದ್ದಳು.

"ಅಕ್ಕಾ, ಲೈಸೆನ್ಸ್ ಹೋಗ್ತಿತ್ತು," ಅಂದ ಹನುಮಂತರಾಯ, ದನಿ ತಗ್ಗಿಸಿ. "ನನಗೂ ಹೆಂಡ್ರು ಮಕ್ಕಳದಾರ."

"ಅದೆಂಥಾ ಗುಳಿಗಿ ಅಂತ ನಿನಗ ಗೊತ್ತಿತ್ತೇನು?"

ಅವನು ಚೀಲದ ಬಾಯಿ ಕಟ್ಟತೊಡಗಿದ. ಲಾಲ್‌ಬೀ ಅಮರೇಶ್ವರಿಯ ಕಡೆ ತಿರುಗಿದಳು.

"ತಂಗೀ, ನಿನಗೂ ಮಂಡಿ ನೋವು. ನೀ ಸಣ್ಣ ಗುಳಿಗಿ ನುಂಗ್ತೀಯೇನು?"

ಪಾಪ, ಆ ಹೆಂಗಸಿಗೆ ಫೋನಿನ ವಿಷಯವೇ ತಿಳಿದಿರಲಿಲ್ಲ. "ಇಲ್ರಿ ಅಕ್ಕಾ. ನಾ ಕೇಳಿದ್ರೂ ಕೊಡಂಗಿಲ್ರಿ ಇವರು. ಅದನ್ನ ಮನ್ಯಾಗ ತರಾಕನ ಬಿಡಂಗಿಲ್ಲ," ಅಂದಳು.

ಲಾಲ್‌ಬೀ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಗಂಡ ಸತ್ತಾಗಲೂ ಆಕೆ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಹನುಮಂತರಾಯನ ಮೇಲೆ ನಾನು ದೂರು ಬರೆದು ಕೊಟ್ಟಿದ್ದೇನೆ. ಅದರ ಮಾತು ಇಲ್ಲಿ ಬೇಡ.

ಲಾಲ್‌ಬೀ ಅಲ್ಲಿಂದ ನೇರ ಮನೆಗೆ ಹೋಗಿ ಗುಂಪಿನ ಉಳಿದ ಹತ್ತೂ ಹೆಂಗಸರನ್ನು ಅಂಗಳಕ್ಕೆ ಕರೆಸಿದಳು. ಒಂದನ್ನೂ ಮುಚ್ಚಿಡಲಿಲ್ಲ. ಯಮನಮ್ಮ ಸಾವಿನ ಬಾಯಿಂದ ಬಂದದ್ದು, ಫೋನಿನ ಮಾತು, ಅಮರೇಶ್ವರಿಯ ಮಾತು ಎಲ್ಲ ಹೇಳಿದಳು. "ಮೋಸ ಮಾಡಿದ ಅವ್ವಾ, ತಮ್ಮ ಅಂತ ನಂಬಿದ್ದೆ, ಮೋಸ ಮಾಡಿದ" ಅಂದಳು.

ಗುಂಪಿನಲ್ಲಿ ಹಿರಿಯಳು ಖಾಸಿಂಬೀ. ಆಕೆ ಮೊದಲು ಎದ್ದಳು.

"ಅವನ ಅಂಗಡಿ ಮೆಟ್ಲ ನಾವು ಹತ್ತಿಲ್ಲ ಲಾಲ್‌ಬೀ," ಅಂದಳು. "ನಾವು ನಂಬಿದ್ದು ನಿನ್ನ."

ಉಳಿದವರೂ ಒಬ್ಬೊಬ್ಬರೇ ಎದ್ದು ಹೋದರು. ನಾನು ಅಂದು ಸಂಜೆ ಮನೆಮನೆಗೆ ಅಲೆದು, ಗದರಿಸಿ, ಕೈಮುಗಿದು ಎಲ್ಲರನ್ನೂ ದವಾಖಾನೆಗೆ ಬರಲು ಒಪ್ಪಿಸಿದೆ.

ಮರುದಿನ ಬೆಳಗಿನ ಸಿಂಧನೂರು ಬಸ್ಸಿಗೆ ಹತ್ತೂ ಮಂದಿ ಬಂದರು. ಬಸ್ಸು ತುಂಬಿತ್ತು. ಮೊದಲೇ ಹತ್ತಿದ್ದ ಲಾಲ್‌ಬೀ ಕಿಟಕಿಯ ಕಡೆ ಸರಿದು, ಪಕ್ಕದ ಜಾಗದ ಮೇಲೆ ಕೈಯಿಟ್ಟು, "ಖಾಸಿಂಬೀ, ಬಾ, ಕೂಡು ಬಾ" ಅಂದಳು. ಖಾಸಿಂಬೀ ಕೇಳಿಸದವಳಂತೆ ಕಂಬಿ ಹಿಡಿದು ನಿಂತಳು. ಮೆಟ್ಟಿಲು ಹತ್ತುವಾಗ ಅಯ್ಯೋ ಅಂದಿದ್ದ ಹೆಂಗಸರು ಒಬ್ಬರೂ ಅಲ್ಲಿ ಕೂರಲಿಲ್ಲ. ಸಿಂಧನೂರಿನವರೆಗೆ ನಿಂತೇ ಬಂದರು.