ಬಲಗಡೆ ಬಿದ್ದ ಹೂ

ಸಿಂಧು, ಅವತ್ತು ದೇವರು ಬಲಗಡೆಯೇ ಹೂ ಕೊಟ್ಟಿತ್ತು. ಎಡಗಡೆ ಬಿತ್ತು ಅಂತ ನಿನಗೆ ನಾನು ಸುಳ್ಳು ಹೇಳಿದೆ.

ನೀನಾಗ ಬಿ.ಎಸ್ಸಿ. ಎರಡನೇ ವರ್ಷ. ಬೇಸಿಗೆ ರಜದಲ್ಲಿ ಎರಡು ತಿಂಗಳು ಹೊರರಾಜ್ಯದ ಒಂದು ಸಂಶೋಧನಾ ಸಂಸ್ಥೆಗೆ ಹೋಗಿ ನ್ಯೂಟ್ರಿನೋ ಬಗ್ಗೆ ಕೆಲಸ ಕಲಿಯಲು ನಿನ್ನನ್ನು ಆರಿಸಿದ್ದರು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವನು ನಾನು — ಅದೇನಮ್ಮ ಅಂತ ಕೇಳಿದೆ.

"ಸೂರ್ಯನಿಂದ ಬರೋ ಕಣ ತಾತ. ಈಗ ನಿಮ್ಮ ಹೆಬ್ಬೆರಳಲ್ಲೇ ಕೋಟಿಗಟ್ಟಲೆ ತೂರ್ಕೊಂಡು ಹೋಗ್ತಿವೆ."

"ಹೋಗೋವಾಗ ನನ್ನ ಶುಗರ್ರೂ ಎತ್ಕೊಂಡು ಹೋಗಕ್ಕೆ ಹೇಳು."

"ಅವು ಏನನ್ನೂ ಮುಟ್ಟೋದೇ ಇಲ್ಲ ತಾತ. ಅದಕ್ಕೇ ಹಿಡಿಯೋದು ಅಷ್ಟು ಕಷ್ಟ!"

ನಿನ್ನ ಮುಖ ಅಷ್ಟು ಬೆಳಗಿದ್ದನ್ನು ನಾನು ಮತ್ತೆ ನೋಡಿಲ್ಲ.

ನಿಮ್ಮಪ್ಪ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಸೈಟು ಕೊಳ್ಳುವುದಿರಲಿ, ಹೆಣ್ಣು ಕೊಡುವುದಿರಲಿ, ದೇವರ ಅಪ್ಪಣೆ ಕೇಳದೆ ನಡೆದದ್ದಿಲ್ಲ. ವಿಗ್ರಹದ ಮೇಲಿಂದ ಹೂ ಬಲಕ್ಕೆ ಬಿದ್ದರೆ ಸರಿ, ಎಡಕ್ಕೆ ಬಿದ್ದರೆ ಬೇಡ. "ನೀವೇ ಹೋಗಿ ಕೇಳ್ಕೊಂಡು ಬನ್ನಿ ಅಪ್ಪ" ಅಂದ. ಸಂಸ್ಥೆಗೆ ಉತ್ತರ ಕೊಡಲು ಅವತ್ತೇ ಕೊನೆಯ ದಿನ.

ಗುಡಿಯಲ್ಲಿ ನಾನೂ ಅರ್ಚಕರೂ ಬಿಟ್ಟರೆ ಯಾರೂ ಇರಲಿಲ್ಲ. ಮಂಗಳಾರತಿ ಎತ್ತುವ ಮೊದಲೇ ಸೇವಂತಿಗೆ ಜಾರಿತು — ಬಲಕ್ಕೆ. "ಏನ್ ಯಜಮಾನ್ರೇ, ನೀವು ಬಾಯಿ ಬಿಡೋಕ್ಮುಂಚೇನೇ ಕೊಟ್ಬಿಡ್ತಲ್ಲ!" ಅಂದರು ಅರ್ಚಕರು. ನನಗೆ ಆ ಹೂ ಬೇಕಿರಲಿಲ್ಲ. ಯಾಕೆಂದರೆ — ಇದನ್ನೂ ಹೇಳಿಬಿಡುತ್ತೇನೆ — ಆ ರಜದಲ್ಲೇ ನಿನ್ನನ್ನು ಹೆಣ್ಣು ನೋಡಲು ಬನ್ನಿ ಅಂತ ಸುಬ್ರಹ್ಮಣ್ಯಪುರದ ನನ್ನ ಸ್ನೇಹಿತನ ಮನೆಯವರಿಗೆ ಮಾತು ಕೊಟ್ಟಿದ್ದೆ. ನಿನ್ನನ್ನು ಕೇಳುವುದಿರಲಿ, ನಿಮ್ಮಪ್ಪನಿಗೂ ತಿಳಿಸದೆ. ಆ ಮಾತು ಉಳಿಯಬೇಕಿತ್ತು ನನಗೆ.

ನೀನು ಮನೆಯ ಗೇಟಿನಲ್ಲೇ ನಿಂತಿದ್ದೆ, ಫೋನು ಕೈಯಲ್ಲಿ ಹಿಡಿದು.

"ಎಡಗಡೆ ಆಯ್ತಮ್ಮ."

ನನ್ನ ಮುಖವನ್ನೇ ನೋಡಿದೆ. "ಸರಿ ತಾತ. ನೀವು ಸುಳ್ಳು ಹೇಳೋರಲ್ಲ."

ಆಗಲೂ ಹೊತ್ತು ಮೀರಿರಲಿಲ್ಲ. ಒಂದು ಮಾತು — ಒಂದೇ ಮಾತು — ನಾನು ಚಪ್ಪಲಿ ಬಿಟ್ಟು ಕಾಲು ತೊಳೆಯಲು ಹೋದೆ. ಒಳಗೆ ಬರುವಷ್ಟರಲ್ಲಿ ನೀನು, ಬರುವುದಿಲ್ಲ ಅಂತ ಸಂಸ್ಥೆಯವರಿಗೆ ತಿಳಿಸಿಯಾಗಿತ್ತು.

ಆ ಸಂಬಂಧವೂ ಕೂಡಿಬರಲಿಲ್ಲ. ದೇವರೇ ಬೇಡ ಅಂದಮೇಲೆ ಯಾಕೆ ಅಂತ ನೀನು ಮತ್ತೆಲ್ಲೂ ಅರ್ಜಿ ಹಾಕಲಿಲ್ಲ. ಈಗ ಪದ್ಮನಾಭನಗರದಲ್ಲಿ ಟ್ಯೂಷನ್ ಹೇಳುತ್ತೀಯ, ಮಕ್ಕಳು ನಿನ್ನನ್ನು ಬಿಟ್ಟಿರುವುದಿಲ್ಲ. ಅದೇ ಸಾಕು ಅಂದುಕೊಂಡಿದ್ದೆ — ನಿನ್ನೆಯವರೆಗೆ.

ನಿನ್ನೆ ನಿನ್ನ ಹಳೆಯ ವಿದ್ಯಾರ್ಥಿನಿಯ ತಾಯಿ ಬಂದು, ಮಗಳಿಗೆ ಅಂಥದ್ದೇ ಅವಕಾಶ ಬಂದಿದೆ, ಕಳಿಸಲೋ ಬೇಡವೋ ಅಂತ ಕೇಳಿದಳು. ನೀನು ಹೇಳಿದೆ: "ಒಂದ್ಸಲ ದೇವರನ್ನ ಕೇಳಿ ಆಂಟಿ. ನನಗೆ ಅಪ್ಪಣೆ ಆಗ್ಲಿಲ್ಲ. ಹಣೇಲಿ ಇರ್ಲಿಲ್ಲ ಅಂತ ಸುಮ್ಮನಾದೆ."

ಇತ್ತು ಸಿಂಧು. ಅಳಿಸಿದವನು ನಾನು.

ಇವತ್ತು ಸಂಜೆ ಆ ತಾಯಿ ಮತ್ತೆ ಬರುತ್ತಾಳೆ. ನೀನೂ ಅವಳೂ ನಿಮ್ಮಪ್ಪನೂ ಕೂತಿರುವಾಗ ನಾನೇ ಎದ್ದು ನಿಂತು ಇದನ್ನೆಲ್ಲ ಹೇಳುತ್ತೇನೆ. ಕ್ಷಮಿಸು ಅಂತ ಕೇಳಿ ನಿನ್ನನ್ನು ಕಟ್ಟಿಹಾಕುವುದಿಲ್ಲ. ಬೈದರೆ ಕೇಳಿಸಿಕೊಳ್ಳುತ್ತೇನೆ. ಬೈಯದೆ ಎದ್ದುಹೋದರೆ — ಹಿಂದಿನಿಂದ ಕರೆಯುವುದಿಲ್ಲ.