ಬೆಟ್ಟಕ್ಕೆ ಇಸ್ತ್ರಿ ಹಾಕಿದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನೀರು ಮತ್ತು ವಿದ್ಯುತ್ ಯೋಜನಾ ಕಚೇರಿಯ ಹಿಂಬದಿ ಕೋಣೆಯಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕೂತು, ಹಳೇ ಟೂತ್‌ಬ್ರಷ್‌ನಿಂದ ಕಾಡಿಗೆ ಹಸಿರು ಬಣ್ಣ ಚಿಮುಕಿಸುತ್ತಿದ್ದಾರೆ. ಕಾಡು ಎಂದರೆ ಮರದ ಹೊಟ್ಟು. ನದಿ ಎಂದರೆ ನೀಲಿ ಬಳಿದ ಗಾಜಿನ ಪಟ್ಟಿ. ಕರೆಂಟ್ ಕಂಬಗಳು ಬೆಂಕಿಕಡ್ಡಿ, ಬೆಟ್ಟ ಥರ್ಮಾಕೋಲು. ಇಡೀ ಕಣಿವೆ ಒಂದು ಮೇಜಿನ ಮೇಲೆ ಮಲಗಿದೆ.

ಕಚೇರಿಯಲ್ಲಿ ಇವರಿಗೆ ಬೆಟ್ಟದಕ್ಕ ಎಂದೇ ಹೆಸರು. ಯೋಜನೆಯ ನಕ್ಷೆಯನ್ನು ಜನರ ಕಣ್ಣಿಗೆ ಕಾಣುವ ಮಾದರಿಯಾಗಿ ಮಾಡುವುದು ಇವರ ಕೆಲಸ. ಕಾದ ತಂತಿಯಿಂದ ಥರ್ಮಾಕೋಲ್ ಕೊಯ್ದು, ಪದರದ ಮೇಲೆ ಪದರ ಅಂಟಿಸಿ, ಪ್ಲಾಸ್ಟರ್ ಮೆತ್ತಿದರೆ ಬೆಟ್ಟ ಸಿದ್ಧ. ಅದು ಒಣಗುವ ಹೊತ್ತಿಗೆ ನಕ್ಷೆ ಬದಲಾಗಿರುತ್ತದೆ, ಅದು ಬೇರೆ ಮಾತು!

"ಸುರಂಗ ಬಂತು, ಹೋಯ್ತು, ಮತ್ತೆ ಬಂತು. ಈಗ ಕರೆಂಟ್ ಮಾಡೋ ಮನೆ ನದಿ ದಾಟಿ ಬಲದಂಡೆಗೆ ಹೋಗಿದೆ. ಎಂಜಿನಿಯರ್ ಸಾಹೇಬ್ರು ಬಾಗಿಲಲ್ಲಿ ನಿಂತು ತಲೆ ಕೆರ್ಕೊಂಡ್ರೆ ಸಾಕು, ನಂಗೆ ಎದೆ ಧಸಕ್ ಅನ್ನತ್ತೆ. ಇನ್ನೊಂದು ಬೆಟ್ಟ ಹೋಯ್ತು ಅಂತ್ಲೇ ಲೆಕ್ಕ" ಎನ್ನುತ್ತಾರೆ ಅಕ್ಕ, ಬ್ರಷ್ ನಿಲ್ಲಿಸದೆ.

ಇವತ್ತು ಎದೆ ಧಸಕ್ ಎನ್ನಲು ಬೇರೆಯೇ ಕಾರಣವಿದೆ. ಬದಲಾದ ಯೋಜನೆಯನ್ನು ಜನರ ಮುಂದಿಡುವ ಸಭೆ ಇದೆ. ಇದೂ ಗಲಾಟೆಯಲ್ಲಿ ಮುಗಿದರೆ ಮಾದರಿ ಕೋಣೆಗೆ ಬೀಗ, ಇನ್ನು ಮುಂದೆ ಪರದೆಯ ಮೇಲೆ ಕಂಪ್ಯೂಟರ್ ಚಿತ್ರ ಸಾಕು ಎಂದು ಮುಖ್ಯ ಅಧಿಕಾರಿ ಹೇಳಿಬಿಟ್ಟಿದ್ದಾರೆ. ಅಕ್ಕನಿಗೆ ಈ ಕೋಣೆ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ.

ಹಿಂದಿನ ಸಭೆ ಕೆಟ್ಟಿದ್ದು ಒಂದು ವಾಡಿಕೆಯಿಂದ. ಕಣಿವೆಯನ್ನು ಮೇಜಿನಷ್ಟು ಕುಗ್ಗಿಸಿದಾಗ ಬೆಟ್ಟ ಬರೀ ಉಬ್ಬಿನಂತೆ ಕಾಣುತ್ತದೆ. ಅದಕ್ಕೆ ಮಾದರಿ ಮಾಡುವವರು ಎತ್ತರವನ್ನು ಮಾತ್ರ ನಾಲ್ಕು ಪಟ್ಟು ಹಿಗ್ಗಿಸುತ್ತಾರೆ. ಅಕ್ಕನೂ ಹಿಗ್ಗಿಸಿದರು. ಬೆಟ್ಟದ ಜೊತೆ ಅಣೆಕಟ್ಟಿನ ಗೋಡೆಯೂ ಎದ್ದು ನಿಂತಿತು. ಆದರೆ ಮನೆಗಳನ್ನು ಹಿಗ್ಗಿಸಿದರೆ ಗೋಪುರದಂತೆ ಕಾಣುತ್ತವೆ ಎಂದು ಅವನ್ನು ಹಾಗೇ ಬಿಟ್ಟರು. ಅಣೆಕಟ್ಟಿನ ಕೆಳಗಿರುವ ಕೆಳಬೀದಿಯ ಜನ ಬಂದು ನೋಡಿದರು. ತಮ್ಮ ಮನೆ ಕಡಲೆಕಾಳಿನಷ್ಟು, ತಲೆಯ ಮೇಲೆ ರಾಕ್ಷಸನಂಥ ಗೋಡೆ! ಕುರ್ಚಿಗಳು ಹಾರಿದವು.

ಅದಕ್ಕೇ ಈ ಸಲ ಅಧಿಕಾರಿಯ ಅಪ್ಪಣೆ: ಇರುವಷ್ಟೇ ಎತ್ತರ ಇರಲಿ. ಅಕ್ಕ ಹಾಗೇ ಮಾಡಿದ್ದಾರೆ.

ಅಷ್ಟರಲ್ಲಿ ಚಹಾದ ಫ್ಲಾಸ್ಕ್ ಹಿಡಿದು ಅವರ ಅತ್ತೆ ಒಳಗೆ ಬರುತ್ತಾರೆ. ಮೇಜಿನ ಸುತ್ತ ಒಂದು ಸುತ್ತು ಹಾಕುತ್ತಾರೆ.

"ಇದೇನೇ, ಬೆಟ್ಟಕ್ಕೆ ಇಸ್ತ್ರಿ ಹಾಕಿದ್ಯಾ?"

"ಅತ್ತೆ, ಬೆಳಗ್ಗೆ ಬೆಳಗ್ಗೆ ಹೊಟ್ಟೆ ಉರಿಸ್ಬೇಡಿ. ನಿಜವಾದ ಅಳತೆ ಇದೇ."

"ಹಾಗಾದ್ರೆ ಹೋದ್ಸಲ ಎಳ್ದು ಎಳ್ದು ಉದ್ದ ಮಾಡಿದ್ದು ಏನು ಮತ್ತೆ? ನಿಮ್ಮ ಎಂಜಿನಿಯರ್ನೂ ಹಾಗೇ ಎಳಿಯೇ. ಪಾಪ, ತೆಳ್ಳಗಾದ್ರೂ ಕಾಣ್ತಾನೆ!"

ಅಕ್ಕನ ಬ್ರಷ್ ನಿಲ್ಲುತ್ತದೆ. ಒಂದು ಕ್ಷಣ ಅತ್ತೆಯ ಮುಖವನ್ನೇ ನೋಡುತ್ತಾರೆ. ಆಮೇಲೆ ತಂತಿ ಕಾಯಿಸಲು ಇಡುತ್ತಾರೆ. ಚಹಾ ಆರುತ್ತದೆ.

ಸಭೆಯ ಹಾಲ್ ತುಂಬಿದೆ. ಕೆಳಬೀದಿಯ ಕ್ಷೌರದಂಗಡಿಯ ಹಿರಿಯ ಎಲ್ಲರಿಗಿಂತ ಮೊದಲು ಮೇಜಿನ ಬಳಿ ನುಗ್ಗುತ್ತಾರೆ. ಬಗ್ಗಿ ನೋಡುತ್ತಾರೆ, ಕನ್ನಡಕ ಒರೆಸಿ ಇನ್ನೊಮ್ಮೆ ನೋಡುತ್ತಾರೆ.

"ಹೋದ್ಸಲ ಇದ್ದ ಬೆಟ್ಟ ಎಲ್ರೀ? ನುಂಗಿ ನೀರು ಕುಡಿದ್ರಾ? ಗೋಡೆನೂ ಮುಚ್ಚಿಟ್ಟಿದ್ದೀರಾ! ಲೋ, ಬನ್ರೋ ಇಲ್ಲಿ, ಮೋಸ ಇದು!"

ಕುರ್ಚಿಗಳು ಸದ್ದು ಮಾಡುತ್ತವೆ. ಮುಖ್ಯ ಅಧಿಕಾರಿ ಬಾಗಿಲಿನತ್ತ ಕಣ್ಣು ಹಾಯಿಸುತ್ತಾರೆ. ಅಕ್ಕ ಮೊದಲೇ ತಂದಿಟ್ಟಿದ್ದ ಹಳೇ ಮಾದರಿಯನ್ನು ಮೇಜಿನಡಿಯಿಂದ ಎಳೆದು ಹೊಸದರ ಪಕ್ಕದಲ್ಲೇ ಇಡುತ್ತಾರೆ. ಆಮೇಲೆ ಚೀಲದಿಂದ ಎರಡು ಥರ್ಮಾಕೋಲ್ ಗೊಂಬೆ ತೆಗೆಯುತ್ತಾರೆ. ಒಂದು ಗುಂಡಗೆ, ಹೊಟ್ಟೆ ಮುಂದೆ ಮಾಡಿಕೊಂಡು ನಿಂತ ನಮ್ಮ ಎಂಜಿನಿಯರ್. ಇನ್ನೊಂದೂ ಅವರೇ, ಅಷ್ಟೇ ಅಗಲ, ಎತ್ತರ ಮಾತ್ರ ನಾಲ್ಕು ಪಟ್ಟು. ಕುತ್ತಿಗೆ ಕೊಕ್ಕರೆಯದು, ಟೈ ಮೊಣಕಾಲಿಗೆ!

"ಅಣ್ಣಾ, ಎರಡೂ ಒಬ್ರೇ. ನಿಮಗೆ ಚೆನ್ನಾಗಿ ಕಾಣ್ಲಿ ಅಂತ ಬೆಟ್ಟನೂ ಗೋಡೆನೂ ನಾನು ಹೋದ್ಸಲ ಹೀಗೆ ಎಳ್ದಿದ್ದೆ. ನಿಮ್ಮ ಮನೆಗಳ್ನ ಎಳೀಲಿಲ್ಲ, ಅಲ್ಲೇ ಎಡವಟ್ಟಾಯ್ತು. ಈಗ ಇರೋದು ಇದ್ದ ಹಾಗೆ."

ಹಿರಿಯ ಉದ್ದದ ಗೊಂಬೆ ಎತ್ತಿ, ನಿಜವಾದ ಎಂಜಿನಿಯರ್ ಪಕ್ಕ ಹಿಡಿಯುತ್ತಾರೆ.

"ಇವ್ರು ಇಷ್ಟುದ್ದ ಇದ್ದಿದ್ರೆ ಕಟಿಂಗ್ ಮಾಡೋಕೆ ನಂಗೆ ಏಣಿ ಬೇಕಾಗ್ತಿತ್ತಲ್ಲಪ್ಪ!"

ಹಾಲ್‌ಗೆ ಹಾಲೇ ನಗುತ್ತದೆ. ಎಂಜಿನಿಯರ್ ಕೂಡ. "ಅಕ್ಕ, ಉದ್ದದ್ದು ನಂಗೇ ಕೊಡಿ, ಮನೇಲಿ ತೋರಿಸ್ತೀನಿ" ಎನ್ನುತ್ತಾರೆ, ಹೊಟ್ಟೆ ಒಳಗೆಳೆದುಕೊಂಡು.

ಜಗಳ ಅಲ್ಲಿಗೆ ಮುಗಿಯಲಿಲ್ಲ, ಆದರೆ ದಾರಿಗೆ ಬಂತು. ಹಿರಿಯ ಜೇಬಿನ ಬಾಚಣಿಗೆ ತೆಗೆದು ಬಲದಂಡೆಯ ರಸ್ತೆಯ ಮೇಲೆ ಇಟ್ಟು ತೋರಿಸುತ್ತಾರೆ. ವಿದ್ಯುತ್ ಮನೆಗೆ ಹೋಗುವ ಲಾರಿ ರಸ್ತೆ ಶಾಲೆಯ ಬಾಗಿಲಲ್ಲೇ ಹಾದುಹೋಗುತ್ತಿದೆ. "ಗುಡ್ಡದ ಹಿಂದಿಂದ ತಗೊಂಡು ಹೋಗ್ಬಾರ್ದಾ?" ಎಂಜಿನಿಯರ್ ಬಗ್ಗಿ ನೋಡುತ್ತಾರೆ. ಅಲ್ಲಿನ ಬಂಡೆ ಹೇಗಿದೆ ನೋಡಬೇಕು, ಮಾತು ಕೊಡಲಾರೆ, ಆದರೆ ನೋಡದೆ ಮುಂದೆ ಹೋಗುವುದಿಲ್ಲ ಎನ್ನುತ್ತಾರೆ. ಮುಖ್ಯ ಅಧಿಕಾರಿ ಮಾದರಿ ಕೋಣೆಯ ಬೀಗದ ಮಾತು ಎತ್ತುವುದೇ ಇಲ್ಲ. "ಮುಂದಿನ ಸಭೆಗೆ ಆ ಗುಡ್ಡದ ಹಿಂಭಾಗಾನೂ ಮಾಡಿಡಿ" ಎಂದಷ್ಟೇ ಹೇಳಿ ಹೊರಡುತ್ತಾರೆ.

ಹಾಗೆಂದರೆ ಬೆಳಗ್ಗೆ ಬಣ್ಣ ಹೊಡೆದ ಗುಡ್ಡ ಸಂಜೆಯೇ ಕಿತ್ತುಬರಬೇಕು. ಬೇಜಾರಾಗುವುದಿಲ್ಲವೇ?

"ಆಗತ್ತೆ, ಯಾಕಾಗಲ್ಲ? ಬೈಕೊಂಡೇ ಕೀಳ್ತೀನಿ" ಎಂದು ನಗುತ್ತಾರೆ ಬೆಟ್ಟದಕ್ಕ, ಚಾಕುವಿನ ತುದಿಯನ್ನು ಗುಡ್ಡದ ಬುಡಕ್ಕೆ ತೂರಿಸುತ್ತ. "ಆದ್ರೆ ನೋಡಿ, ಇದು ಥರ್ಮಾಕೋಲು. ಜನ ಇಲ್ಲೇ ಜಗಳ ಆಡಿ ಮುಗಿಸ್ಲಿ. ಕಾಂಕ್ರೀಟ್ ಹಾಕಿದ್ಮೇಲೆ ನನ್ನ ಚಾಕು ಓಡಲ್ಲ."