ಐದು ಸಾವಿರವೋ ಒಂಬತ್ತು ಸಾವಿರವೋ

ವಿಮಾನ ಸುರಕ್ಷತೆಯ ಆ ಸಮ್ಮೇಳನ ರಾಜಾಜಿನಗರದ ಹೋಟೆಲೊಂದರಲ್ಲಿ ನಡೆಯುತ್ತದೆ ಎಂದು ಗೊತ್ತಾದಾಗ ಸಹೋದ್ಯೋಗಿಗಳೆಲ್ಲ ನನ್ನನ್ನು ಅದೃಷ್ಟವಂತೆ ಎಂದರು. ದಿನಾ ಬಸವೇಶ್ವರನಗರದಿಂದ ಊರಿನ ಇನ್ನೊಂದು ತುದಿಗೆ ಕ್ಯಾಬಿನಲ್ಲಿ ಒಂದೂವರೆ ಗಂಟೆ ಕೂತು ಡ್ಯೂಟಿಗೆ ಹೋಗುವವಳು ನಾನು. ಈ ಸಲ ಆಟೋದಲ್ಲಿ ಹತ್ತು ನಿಮಿಷ. ಅವರ ಜೊತೆ ನಾನೂ ನಕ್ಕೆ. ಆದರೆ ತಪ್ಪಿಸಿಕೊಳ್ಳಲು ಯಾವ ನೆಪವೂ ಉಳಿದಿರಲಿಲ್ಲ.

ಇಪ್ಪತ್ತೆರಡು ವರ್ಷಗಳಿಂದ ನಾನು ವಿಮಾನಗಳಿಗೆ ದಾರಿ ಹೇಳುವ ಕೆಲಸದಲ್ಲಿದ್ದೇನೆ. ಪರದೆಯ ಮೇಲೆ ವಿಮಾನಗಳು ಸಣ್ಣ ಗುರುತುಗಳಾಗಿ ಚಲಿಸುತ್ತವೆ. ಇಷ್ಟು ಎತ್ತರಕ್ಕೆ ಇಳಿಯಿರಿ, ಈ ಕಡೆ ತಿರುಗಿ ಎಂದು ನಾವು ರೇಡಿಯೋದಲ್ಲಿ ಹೇಳುತ್ತೇವೆ. ಪೈಲಟ್ ಅದನ್ನೇ ತಿರುಗಿ ಹೇಳಬೇಕು. ಅವರು ತಿರುಗಿ ಹೇಳಿದ್ದು ಸರಿಯಿದೆಯೇ ಎಂದು ನಾವು ಕೇಳಿಸಿಕೊಳ್ಳಬೇಕು. ಹೊರಗಿನವರಿಗೆ ಮಾತಾಡುವುದೇ ನಮ್ಮ ಕೆಲಸ ಅನ್ನಿಸುತ್ತದೆ. ನಿಜವಾದ ಕೆಲಸವಿರುವುದು ಆ ಕೇಳಿಸಿಕೊಳ್ಳುವುದರಲ್ಲಿ.

ಐದು ತಿಂಗಳ ಹಿಂದೆ, ಬೆಳಗಿನ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಮಲಗಿದ್ದೆ. ಬಲಮಗ್ಗುಲಾಗಿ ಹೊರಳಿದಾಗ ಫ್ಯಾನಿನ ಸದ್ದು ನಿಂತುಹೋಯಿತು. ಕರೆಂಟು ಹೋಯಿತೆಂದು ಕಣ್ಣು ಬಿಟ್ಟರೆ ಫ್ಯಾನು ತಿರುಗುತ್ತಲೇ ಇತ್ತು. ಎದ್ದು ಕೂತೆ, ಸದ್ದು ಬಂತು. ಮತ್ತೆ ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿದೆ, ಸದ್ದು ಹೋಯಿತು. ಹಾಗೆ ನಾಲ್ಕೈದು ಸಲ ಮಾಡಿ ನೋಡಿದೆ. ಆಮೇಲೆ ಅಡುಗೆಮನೆಗೆ ಹೋಗಿ, ಬೆವರುತ್ತಾ, ಲೋಟವೊಂದನ್ನು ಎಡಗಿವಿಯ ಹತ್ತಿರ ಹಿಡಿದು ಚಮಚದಿಂದ ತಟ್ಟಿದೆ. ಎಲ್ಲೋ ಪಕ್ಕದ ಮನೆಯಲ್ಲಿ ತಟ್ಟಿದ ಹಾಗಿತ್ತು.

ಯಾರಿಗೂ ಹೇಳಲಿಲ್ಲ. ನಾಯಂಡಹಳ್ಳಿಯಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ಗಂಡನಿಗೂ ಹೇಳಲಿಲ್ಲ. ಹೆಡ್‌ಸೆಟ್ಟನ್ನು ಬಲಗಿವಿಗೇ ಹಾಕಿಕೊಳ್ಳತೊಡಗಿದೆ; ರೇಡಿಯೋ, ಫೋನು, ಪಕ್ಕದವರ ಮಾತು ಎಲ್ಲಕ್ಕೂ ಅದೊಂದೇ ಕಿವಿ. ಸದ್ದು ಜೋರು ಮಾಡಿಕೊಂಡೆ. ಶೀತ ಇರಬೇಕು, ವಯಸ್ಸಿರಬೇಕು, ಮುಂದಿನ ವೈದ್ಯಕೀಯ ಪರೀಕ್ಷೆಗೆ ಇನ್ನೂ ಎಂಟು ತಿಂಗಳಿದೆ ಎಂದು ದಿನಾ ಏನಾದರೊಂದು ಹೇಳಿಕೊಳ್ಳುತ್ತಿದ್ದೆ. ಡ್ಯೂಟಿ ಮುಗಿಸಿ ಹೊರಗೆ ಬರುವಾಗ, ಇವತ್ತೂ ಏನೂ ಆಗಲಿಲ್ಲ ಅಂದುಕೊಳ್ಳುತ್ತಿದ್ದೆ. ಏನೂ ಆಗಲಿಲ್ಲ ಎಂದು ನನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಕ್ಯಾಬ್ ಹತ್ತುವ ಹೊತ್ತಿಗೆ ಬರುತ್ತಿತ್ತು.

ಸಮ್ಮೇಳನದ ಮೊದಲ ದಿನ ಭಾಷಣಗಳಲ್ಲಿ ಕಳೆಯಿತು. ಭಯಪಟ್ಟ ಹಾಗೇನೂ ನಡೆಯಲಿಲ್ಲ. ಎರಡನೆಯ ದಿನ ಬೆಳಿಗ್ಗೆ ಸಭಾಂಗಣದ ಬಾಗಿಲಲ್ಲೇ ನಿಂತುಬಿಟ್ಟೆ. ಕುರ್ಚಿಗಳ ಮುಂದೆ ಈ ಸಲ ಉದ್ದನೆಯ ಮೇಜುಗಳಿದ್ದವು. ಪ್ರತಿಯೊಬ್ಬರ ಮುಂದೆಯೂ ಒಂದು ಹೆಡ್‌ಸೆಟ್ಟು, ಒಂದು ಕೆಂಪು ಕಾರ್ಡು.

ನಡೆಸಿಕೊಡುತ್ತಿದ್ದವರು ನಮ್ಮದೇ ಕೆಲಸದಿಂದ ನಿವೃತ್ತರಾದ ಒಬ್ಬ ಹಿರಿಯ ಹೆಂಗಸು. "ಎಡಗಿವಿಯಲ್ಲಿ ರೇಡಿಯೋ ಬರತ್ತೆ. ಬಲಗಿವಿಯಲ್ಲಿ ನಿಮ್ಮ ಗಮನ ಕೆಡಿಸೋಕೆ ಫೋನ್ ಮಾತುಕತೆ ಬರತ್ತೆ. ಪೈಲಟ್ ತಪ್ಪಾಗಿ ತಿರುಗಿ ಹೇಳಿದ ತಕ್ಷಣ ಕಾರ್ಡ್ ಎತ್ತಿ. ಅಷ್ಟೇ, ಆಟದ ಥರ," ಎಂದರು.

ಎಡಗಿವಿ ಎಂಬ ಮಾತು ಕೇಳಿದ್ದೇ ಹೆಡ್‌ಸೆಟ್ಟನ್ನು ತಿರುಗಿಸಿ ಹಾಕಿಕೊಂಡೆ. ಮೈಕಿನ ಕಡ್ಡಿ ತಲೆಯ ಹಿಂದಕ್ಕೆ ಹೋಯಿತು.

"ಮೇಡಂ, ಉಲ್ಟಾ ಹಾಕೊಂಡಿದೀರ," ಎಂದರು ಪಕ್ಕದಲ್ಲಿ ಕೂತವರು. ನಲವತ್ತರ ಆಸುಪಾಸಿನ ಗಂಡಸು. ಎದೆಯ ಮೇಲಿನ ಚೀಟಿಯಲ್ಲಿ ಪೈಲಟ್ ಎಂದಿತ್ತು. ಆ ಸಮ್ಮೇಳನಕ್ಕೆ ಕೆಲವು ಪೈಲಟ್‌ಗಳನ್ನೂ ಕರೆದಿದ್ದರು.

"ಓ, ಹೌದಲ್ಲ," ಎಂದು ನಕ್ಕು ಸರಿಮಾಡಿಕೊಂಡೆ.

ಆಟ ಶುರುವಾಯಿತು. ಬಲಗಿವಿಯಲ್ಲಿ ಇಬ್ಬರು ಯಾರೋ ಹವಾಮಾನದ ಬಗ್ಗೆ ಸ್ಪಷ್ಟವಾಗಿ ಮಾತಾಡುತ್ತಿದ್ದರು. ಎಡಗಿವಿಯಲ್ಲಿ ಅಕ್ಷರಗಳಿಲ್ಲದ ಒಂದು ಗುಂಯ್‌ಗುಡುವಿಕೆ. ಮೊದಲ ಎರಡು ಸಂಭಾಷಣೆಗಳನ್ನು ಊಹೆಯ ಮೇಲೆ ಹಿಡಿದೆ. ಮೂರನೆಯದರಲ್ಲಿ "ಫೈವ್ ಥೌಸಂಡ್" ಎಂದು ಹೇಳಿದ್ದು, "ಫೈವ್ ಥೌಸಂಡ್" ಎಂದೇ ತಿರುಗಿ ಬಂದದ್ದು ಕೇಳಿತು. ಕೇಳಿತು ಅಂದುಕೊಂಡೆ. ಅಷ್ಟರಲ್ಲಿ ಸುತ್ತಲೂ ಕೆಂಪು ಕಾರ್ಡುಗಳು ಎದ್ದಿದ್ದವು. ಪಕ್ಕದ ಪೈಲಟ್ ಎತ್ತಿದ್ದರು, ಮುಂದಿನ ಸಾಲು ಎತ್ತಿತ್ತು. ನಾನೂ ಎತ್ತಿದೆ. ಪೈಲಟ್ ಹೇಳಿದ್ದು ಒಂಬತ್ತು ಸಾವಿರ ಎಂದು ಪರದೆಯ ಮೇಲೆ ಬಂತು. ಐದಕ್ಕೂ ಒಂಬತ್ತಕ್ಕೂ ಗೊಂದಲವಾಗುತ್ತದೆಂದೇ ರೇಡಿಯೋದಲ್ಲಿ 'ನೈನ್' ಬದಲು 'ನೈನರ್' ಅನ್ನಿ ಎಂದು ಕಲಿಯುವ ಮಕ್ಕಳಿಗೆ ಪಾಠ ಮಾಡುವವಳು ನಾನೇ.

ಅಲ್ಲಿಂದ ಮುಂದೆ ಕೇಳಿಸಿಕೊಳ್ಳುವ ಪ್ರಯತ್ನವನ್ನೇ ಬಿಟ್ಟು ಪಕ್ಕದವರ ಕೈ ನೋಡುತ್ತಾ ಕೂತೆ. ಅವರ ಬೆರಳು ಕಾರ್ಡಿನ ಮೇಲೆ ಬಿಗಿಯಾದ ಕೂಡಲೇ ನನ್ನದೂ ಬಿಗಿಯಾಗುತ್ತಿತ್ತು. ಕಾಪಿ ಹೊಡೆಯುವ ಹುಡುಗಿಯ ಹಾಗೆ, ನಲವತ್ತೊಂಬತ್ತನೇ ವಯಸ್ಸಿನಲ್ಲಿ. ಹೀಗೇ ಮುಗಿದುಹೋಗುತ್ತದೆ ಎಂಬ ಧೈರ್ಯ ಬರುತ್ತಿದ್ದಂತೆ ಆ ಹಿರಿಯರು ಎದ್ದು ನಿಂತರು.

"ಇನ್ನು ಎಂಟು ಬಾಕಿ ಇವೆ. ಈಗ ಎಲ್ಲರೂ ಕಣ್ಣು ಮುಚ್ಚಿಕೊಳ್ಳಿ."

ಕಳ್ಳತನದಿಂದ ಒಂದು ಕಣ್ಣು ಬಿಟ್ಟರೆ ಅವರು ನೇರ ನನ್ನತ್ತಲೇ ನೋಡುತ್ತಿದ್ದಂತೆ ಕಂಡಿತು, ಮುಚ್ಚಿಬಿಟ್ಟೆ. ಆ ಕತ್ತಲೆಯಲ್ಲಿ ಒಂದರ ಹಿಂದೆ ಒಂದು ವಿಮಾನ ಮಾತಾಡಿ ಹೋಯಿತು. ಯಾರು ಏನು ಹೇಳಿದರೆಂದು ನನಗೆ ಗೊತ್ತಾಗಲಿಲ್ಲ. ಎರಡು ಸಲ ಸುಮ್ಮನೆ ಕಾರ್ಡು ಎತ್ತಿದೆ. ಎರಡೂ ತಪ್ಪು. ಎತ್ತಬೇಕಾಗಿದ್ದ ಮೂರು ಕಡೆ ನನ್ನ ಕೈ ಮೇಜಿನ ಮೇಲೇ ಇತ್ತು.

ಅಂಕಗಳನ್ನು ಯಾರೂ ಕೇಳಲಿಲ್ಲ. ಅಂಕ ಬರೆದ ಚೀಟಿ ಅವರವರ ಹತ್ತಿರವೇ ಉಳಿಯಿತು. ನಾನು ನನ್ನದನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನ ತಳಕ್ಕೆ ತುರುಕಿದೆ.

ಊಟದ ಹೊತ್ತಿಗೆ ಆ ಪೈಲಟ್ ತಟ್ಟೆ ಹಿಡಿದು ನನ್ನ ಮೇಜಿಗೇ ಬಂದರು. ಊರು ಕೆಂಗೇರಿ, ಹುಟ್ಟಿ ಬೆಳೆದದ್ದೆಲ್ಲ ಅಲ್ಲೇ ಎಂದರು. ನಾನು ಎರಡು ಮಾತು ಆಡಿದ್ದೆನೋ ಇಲ್ಲವೋ, ಅವರು ಚಮಚ ಕೆಳಗಿಟ್ಟರು.

"ಒಂದ್ನಿಮಿಷ ಮೇಡಂ. ಬೆಳಿಗ್ಗೆಯಿಂದ ಯೋಚ್ನೆ ಮಾಡ್ತಾ ಇದೀನಿ, ಈ ಧ್ವನಿ ಎಲ್ಲಿ ಕೇಳಿದೀನಿ ಅಂತ. ಅಪ್ರೋಚ್‌ನಲ್ಲಿ ಇರೋದು ನೀವೇ ಅಲ್ವಾ? ನಮ್ಮನ್ನ ಇಳಿಸೋದು?"

ಹೌದು ಎಂದೆ.

"ಎಷ್ಟು ವರ್ಷದಿಂದ ಕೇಳ್ತಾ ಇದೀನಿ! ಮುಖ ನೋಡಿರ್ಲಿಲ್ಲ ಅಷ್ಟೇ. ಮಳೆಗಾಲದಲ್ಲಿ ಮೋಡದ ಒಳಗೆ ಏನೂ ಕಾಣ್ದೆ ಇರುವಾಗ ಕೆಳಗಡೆಯಿಂದ ನಿಮ್ಮ ಧ್ವನಿ ಬಂತು ಅಂದ್ರೆ ನಾನು ಪಕ್ಕದವನಿಗೆ ಹೇಳ್ತೀನಿ, ಮೇಡಂ ಇದಾರೆ ಕಣೋ, ಇನ್ನು ಪರ್ವಾಗಿಲ್ಲ ಅಂತ."

ನಾನು ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಇಷ್ಟು ದಿನ ನನಗೆ ಕೆಲಸ ಹೋಗುವ ಭಯವಿತ್ತು. ಎದುರಿಗೆ ಕೂತು ಹಪ್ಪಳ ಮುರಿಯುತ್ತಿದ್ದ ಆ ಮನುಷ್ಯನನ್ನು ನೋಡುವಾಗ ಆದದ್ದು ಬೇರೆ ಭಯ. ಅವರ ಕತ್ತಿನ ಪಕ್ಕದಲ್ಲಿ ಶೇವ್ ಮಾಡುವಾಗ ಆದ ಸಣ್ಣ ಗಾಯವಿತ್ತು. ಅವರ ಹಿಂದೆ ಸೀಟಿನ ಬೆಲ್ಟು ಹಾಕಿಕೊಂಡು ಕೂತ ಸಾಲು ಸಾಲು ಜನ ಕಂಡರು.

"ಹುಷಾರಿಲ್ವಾ ಮೇಡಂ?" ಎಂದರು ಅವರು.

"ಸ್ವಲ್ಪ ತಲೆನೋವು. ಮನೆ ಇಲ್ಲೇ ಹತ್ರ, ಹೊರಡ್ತೀನಿ," ಎಂದು ಎದ್ದುಬಿಟ್ಟೆ.

ಆಟೋ ಹಿಡಿಯಲಿಲ್ಲ. ಬಸವೇಶ್ವರನಗರದವರೆಗೂ ನಡೆದೇ ಹೋದೆ. ರಸ್ತೆ ದಾಟುವಾಗಲೆಲ್ಲ ಎಡಗಡೆಗೆ ಪೂರ್ತಿ ಮೈ ತಿರುಗಿಸಿ ನೋಡುತ್ತಿದ್ದೆ. ತಿಂಗಳುಗಳಿಂದ ಹಾಗೇ ಮಾಡುತ್ತಿದ್ದೇನೆಂದು ಅವತ್ತು ಹೊಳೆಯಿತು.

ಮನೆಯಲ್ಲಿ ಅತ್ತೆ ಒಬ್ಬರೇ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಅವರಿಗೆ ಎಂಬತ್ತರ ಹತ್ತಿರ. ಹನ್ನೆರಡು ವರ್ಷದಿಂದ ಬಲಗಿವಿಗೆ ಮೆಷಿನ್ನು ಹಾಕುತ್ತಾರೆ, ಎಡಗಿವಿ ಪೂರ್ತಿ ಹೋಗಿದೆ. ನಾನು ಚಪ್ಪಲಿ ಬಿಟ್ಟು ಅವರ ಎಡಪಕ್ಕ ಕುಸಿದು ಕೂತೆ.

"ಇಷ್ಟ್ ಬೇಗ ಬಂದ್ಯಾ?" ಎಂದರು. ಅವರು ಒಂದು ಕ್ಷಣ ನನ್ನ ಮುಖ ನೋಡಿ, "ಈ ಕಡೆ ಬಂದು ಕೂತ್ಕೊ. ಆ ಕಡೆ ಕೂತ್ರೆ ನಿನ್ ಮಾತು ನಂಗೆ ಕೇಳಲ್ಲ," ಎಂದರು.

"ಇಲ್ಲೇ ಇರ್ತೀನಿ ಬಿಡಿ ಅತ್ತೆ."

"ಯಾಕೆ, ಈ ಕಡೆ ಬಂದ್ರೆ ನನ್ ಮಾತು ನಿಂಗೆ ಕೇಳಲ್ವಾ?"

ನಾನು ತಲೆಯೆತ್ತಿದೆ.

"ನಿಂಗೆ ಎಡಗಿವಿ ಹೋಗಿದೆ ಕಣೇ," ಎಂದರು ಅತ್ತೆ, ಅವರೆಕಾಯಿ ಸುಲಿಯುತ್ತಲೇ. "ದಸರಾ ಹೊತ್ತಿಗೇ ಗೊತ್ತಾಯ್ತು ನಂಗೆ. ಮೊದಲೆಲ್ಲ ನನ್ ಬಲಗಡೆ ಕೂತ್ಕೊಳ್ತಿದ್ದೆ. ಆಮೇಲೆ ಎಡಗಡೆಗೆ ಬಂದೆ. ಎದುರಿಗಿದ್ರೆ ಬಾಯಿ ನೋಡ್ತೀಯ. ಎಲ್ರೂ ನಕ್ಮೇಲೆ ನಗ್ತೀಯ. ನಾನೂ ಎಷ್ಟೋ ವರ್ಷ ಹಂಗೇ ಮಾಡ್ದೋಳು."

"ಮತ್ತೆ ಯಾಕೆ ಹೇಳ್ಲಿಲ್ಲ ನೀವು?"

"ನೀನೇ ಹೇಳ್ತೀಯ ಅಂತ ಕಾದೆ. ನಂಗ್ಯಾರಾದ್ರೂ ಹೇಳಿದ್ರೆ ನಾನು ಜಗಳಕ್ಕೆ ಹೋಗ್ತಿದ್ದೆ." ಆಮೇಲೆ ಕೈಯಲ್ಲಿದ್ದ ಸಿಪ್ಪೆ ಕೆಳಗಿಟ್ಟು, ಸ್ವಲ್ಪ ಗಟ್ಟಿಯಾಗಿ ಕೇಳಿದರು. "ನಂಗೆ ಕೇಳ್ದೇ ಇದ್ರೆ ಸಾರಿಗೆ ಎರಡು ಸಲ ಉಪ್ಪು ಬೀಳುತ್ತೆ. ನಿಂಗೆ ಕೇಳ್ದೇ ಇದ್ರೆ?"

ನಾನು ಅಲ್ಲೇ ಅವರೆಸಿಪ್ಪೆಯ ಮಧ್ಯೆ ಅತ್ತುಬಿಟ್ಟೆ. ಅವರು ಸಮಾಧಾನ ಮಾಡಲಿಲ್ಲ. ನನ್ನ ಬ್ಯಾಗಿನಿಂದ ಫೋನು ತೆಗೆದು ಕೈಗೆ ಕೊಟ್ಟರು.

ಮರುದಿನ ಬೆಳಗಿನ ಪಾಳಿ ನನ್ನದಿತ್ತು. ನಮ್ಮ ಪಾಳಿಯ ಮೇಲ್ವಿಚಾರಕರಿಗೆ ಫೋನು ಮಾಡಲು ಹೊರಟೆ. ಮೂರು ಸಲ ನಂಬರು ಒತ್ತಿ ಕತ್ತರಿಸಿದೆ. ನಾಲ್ಕನೆಯ ಸಲ ಅವರೇ ತಿರುಗಿ ಮಾಡಿದರು.

"ಸಾರ್, ನಾಳೆ ನಾನು ಕೂರಲ್ಲ. ನನ್ನ ಎಡಗಿವಿ ಕೇಳ್ತಾ ಇಲ್ಲ. ಐದು ತಿಂಗಳಾಯ್ತು."

ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ. ಬಲಗಿವಿಗೇ ಹಿಡಿದಿದ್ದರೂ ಅದೂ ಹೋಯಿತೇನೋ ಎಂದು ದಿಗಿಲಾಯಿತು.

"ಐದು ತಿಂಗಳಾ?" ಎಂದರು ಕೊನೆಗೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸರಿ. ಬೇರೆಯವರನ್ನ ಹಾಕ್ತೀನಿ. ನೀವು ಡಾಕ್ಟರ ಹತ್ರ ಹೋಗಿ."

"ಇನ್ನೊಂದು ವಿಷಯ ಸಾರ್. ನಾನು ಮಾತಾಡಿರೋ ರೆಕಾರ್ಡಿಂಗ್ ಕೇಳಿಸ್ಬೇಕು. ಎಷ್ಟು ಹಿಂದಿನದು ಸಿಗತ್ತೋ ಅಷ್ಟೂ."

"ಅದ್ಯಾಕೆ ಮೇಡಂ? ಏನೂ ಆಗಿಲ್ವಲ್ಲ."

"ಅದೇ ನಂಗೆ ಗೊತ್ತಾಗ್ಬೇಕು."

ಗಂಡನಿಗೆ ಸಂಜೆ ಹೇಳಿದೆ. ಅವರು ಮರುದಿನ ಅಂಗಡಿ ತೆರೆಯಲಿಲ್ಲ. ವಿಜಯನಗರದ ಕಿವಿ ಡಾಕ್ಟರು ನನ್ನನ್ನು ಸದ್ದು ಬಾರದ ಒಂದು ಗೂಡಿನಲ್ಲಿ ಕೂರಿಸಿ, ಸಣ್ಣ ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಎಡಗಿವಿಯ ಸರದಿ ಬಂದಾಗ ನಾನು ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಲೇ ಇದ್ದೆ. ಗಾಜಿನಾಚೆ ಅವರ ಕೈ ಏನೇನೋ ತಿರುಗಿಸುತ್ತಿತ್ತು. ನರದ ದೋಷ, ಮರಳಿ ಬರುವುದಿಲ್ಲ ಎಂದರು. ತಲೆಯೊಳಗೆ ಗಡ್ಡೆಯೇನಾದರೂ ಇದೆಯೇ ನೋಡಲು ಸ್ಕ್ಯಾನ್ ಮಾಡಿಸಬೇಕು ಎಂದೂ ಹೇಳಿದರು. ಅದರ ಫಲಿತಾಂಶ ಬರುವ ತನಕ ಎರಡು ದಿನ ಗಂಡ ಮನೆಯೊಳಗೆ ನಾನಿದ್ದಲ್ಲಿಗೇ ಬಂದು ಸುಮ್ಮನೆ ನಿಲ್ಲುತ್ತಿದ್ದರು. ಗಡ್ಡೆ ಇರಲಿಲ್ಲ.

ರೆಕಾರ್ಡಿಂಗಿನ ಕರೆ ಮೂರು ವಾರದ ಮೇಲೆ ಬಂತು. ಸಣ್ಣ ಕೋಣೆ, ಮೇಲ್ವಿಚಾರಕರು, ನಾನು. ಉಳಿದಿದ್ದ ಅಷ್ಟೂ ದಿನಗಳದ್ದನ್ನು ಇಬ್ಬರು ಕೂತು ಕೇಳಿದ್ದಾರೆ, ಒಂದೇ ಒಂದು ಕಡೆ ಸಿಕ್ಕಿದೆ ಎಂದರು ಅವರು. ಬಲಗಿವಿಗೆ ಹೆಡ್‌ಸೆಟ್ಟು ಕೊಟ್ಟರು.

ನನ್ನದೇ ಧ್ವನಿ. ಒಂಬತ್ತು ಸಾವಿರ ಅಡಿಗೆ ಇಳಿಯಿರಿ ಎನ್ನುತ್ತಿದ್ದೇನೆ. ಪೈಲಟ್ ಐದು ಸಾವಿರ ಎಂದು ತಿರುಗಿ ಹೇಳುತ್ತಾನೆ. ಹಿಂದೆ ಯಾವುದೋ ಗದ್ದಲವಿದೆ, ಆದರೂ ಐದು ಎಂಬುದು ಸ್ಪಷ್ಟವಾಗಿದೆ. ನಾನು ಏನೂ ಅನ್ನುವುದಿಲ್ಲ. ಬೇರೊಂದು ವಿಮಾನಕ್ಕೆ ನಮಸ್ಕಾರ ಹೇಳುತ್ತೇನೆ. ಅರ್ಧ ನಿಮಿಷ ಕಳೆಯುತ್ತದೆ. ಆಮೇಲೆ ಮೊದಲಿನ ವಿಮಾನದಿಂದ ಇನ್ನೊಂದು ಧ್ವನಿ, ಐದೋ ಒಂಬತ್ತೋ ಎಂದು ಕೇಳುತ್ತದೆ. ಒಂಬತ್ತು ಎನ್ನುತ್ತೇನೆ ನಾನು, ನಗುನಗುತ್ತಾ.

ಆ ಘಟನೆ ನನಗೆ ನೆನಪಿತ್ತು. ಪೈಲಟ್‌ಗೆ ಮರೆವು ಎಂದುಕೊಂಡು ಅವತ್ತು ಪಕ್ಕದವರ ಜೊತೆ ತಮಾಷೆ ಮಾಡಿದ್ದೆ.

"ಐದು ಸಾವಿರದಲ್ಲಿ ಯಾರಿದ್ರು ಸಾರ್?"

"ಒಬ್ರಿದ್ರು," ಎಂದರು ಅವರು. "ದೂರ ಇತ್ತು. ಸಮಯ ಇತ್ತು ಮೇಡಂ."

ರೆಕಾರ್ಡಿಂಗ್ ಇಡುವುದು ಒಂದು ತಿಂಗಳು ಮಾತ್ರ, ಅದಕ್ಕಿಂತ ಹಳೆಯದೆಲ್ಲ ಅಳಿಸಿಹೋಗಿತ್ತು. ನಾಲ್ಕು ತಿಂಗಳ ನನ್ನ ಮಾತು, ಅದಕ್ಕೆ ಬಂದ ಉತ್ತರಗಳು ಯಾವುದೂ ಉಳಿದಿಲ್ಲ.

ಈಗ ನಾನು ಪರದೆಯ ಮುಂದೆ ಕೂರುವುದಿಲ್ಲ. ಹೊಸಬರಿಗೆ ಪಾಠ ಮಾಡುತ್ತೇನೆ. ಮುಚ್ಚಿಟ್ಟದ್ದಕ್ಕೆ ಬರಬೇಕಾದ ಎಚ್ಚರಿಕೆಯ ಪತ್ರ ಬಂತು, ಸಹಿ ಹಾಕಿ ತೆಗೆದುಕೊಂಡೆ. ಕಳೆದ ತಂಡಕ್ಕೆ ಮೊದಲ ದಿನವೇ ಇದಿಷ್ಟನ್ನೂ ಹೇಳಿದೆ, ಆ ರೆಕಾರ್ಡಿಂಗನ್ನೂ ಕೇಳಿಸಿದೆ. ಹಿಂದಿನ ಸಾಲಿನಲ್ಲಿದ್ದ ಒಬ್ಬಳು ಕೈಯೆತ್ತಿದಳು. ಶ್ರೀಗಂಧದ ಕಾವಲು ಬಡಾವಣೆಯ ಹುಡುಗಿ, ಮಾತು ಕಡಿಮೆ.

"ಮೇಡಂ, ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಎಷ್ಟು ಆಗಿರಬಹುದು?"

"ಗೊತ್ತಿಲ್ಲಮ್ಮಾ," ಎಂದೆ. "ಯಾವತ್ತೂ ಗೊತ್ತಾಗಲ್ಲ."

ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನಾನು ಬೋರ್ಡಿನ ಕಡೆ ತಿರುಗಿ, ತಾರೀಖನ್ನು ನಿಧಾನವಾಗಿ ಬರೆದೆ.